ಗುಂಡು ಹಾರಿದ ಕಡೆಗೆ ಟರ್ಬೈನು, ಸುಮ್ಮನಿದ್ದವರಿಗೆ ಲಾಟೀನು

ವಿದೇಶಿ ನೆರವು ಅಂದ ಕೂಡಲೇ "ಅಯ್ಯೋ, ಮಂತ್ರಿಗಳು ತಿಂದಿರ್ತಾರೆ ಬಿಡ್ರೀ" ಅಂತಾರೆ ಎಲ್ಲರೂ. ತಿಂದಿರ್ತಾರೆ, ಇಲ್ಲ ಅನ್ನಲ್ಲ. ಆದರೆ ಅಫ್ಘಾನಿಸ್ತಾನದ ಕತೆಯಲ್ಲಿ ನನಗೆ ಹೆಚ್ಚು ಸಿಟ್ಟು ಬರೋದು, ಯಾರೂ ಕದಿಯದೇ ಉಳಿದ ದುಡ್ಡನ್ನ ಹಂಚಿದ ರೀತಿ ನೋಡಿ.

ಹೆಲ್ಮಂದ್ ಪ್ರಾಂತ್ಯದ ಕಜಾಕಿ ಅಣೆಕಟ್ಟನ್ನೇ ತಗೊಳ್ಳಿ. 2008ರಲ್ಲಿ ಬ್ರಿಟಿಷರು ಸಾವಿರಾರು ಸೈನಿಕರ ಕಾವಲಿನಲ್ಲಿ, ತಾಲಿಬಾನ್ ಜೊತೆ ಬಡಿದಾಡ್ತಾ, ದೈತ್ಯ ಟರ್ಬೈನೊಂದನ್ನ ಬಿಡಿಭಾಗಗಳಾಗಿ ಅಲ್ಲಿಗೆ ಸಾಗಿಸಿದರು. ಪೇಪರುಗಳಲ್ಲಿ ಭಾರೀ ಸುದ್ದಿ. ಆಮೇಲೆ? ಅದನ್ನ ಕೂರಿಸೋಕೆ ಬೇಕಾದ ಸಿಮೆಂಟು ತರೋಕೆ ದಾರಿ ಸುರಕ್ಷಿತವಾಗಿರಲಿಲ್ಲ! ಅದು ತಿರುಗಿದ್ದು 2016ರಲ್ಲಿ.

ಇತ್ತ ಬಾಮಿಯಾನ್, 2001ರಲ್ಲಿ ತಾಲಿಬಾನ್ ಸಿಡಿಸಿದ ಬುದ್ಧರ ಊರು. ಆಮೇಲಿನ ವರ್ಷಗಳಲ್ಲಿ ದೇಶದ ಅತಿ ಶಾಂತ ಪ್ರಾಂತ್ಯಗಳಲ್ಲಿ ಒಂದು, ಬಡತನದಲ್ಲೂ ಮುಂದೆ. ಕರೆಂಟು ಕೊಡಿ ಅಂತ ಕೇಳಿ ಕೇಳಿ ಸಾಕಾದ ಜನ ಊರಿನ ಸರ್ಕಲ್ಲಿನಲ್ಲಿ ದೊಡ್ಡದೊಂದು ಲಾಟೀನು ನಿಲ್ಲಿಸಿದರು. ಸರ್ಕಲ್ಲಿಗೆ ಅದೇ ಹೆಸರಾಯ್ತು.

ಇದೇನು ಆಕಸ್ಮಿಕವಲ್ಲ. ನೆರವಿನ ದೊಡ್ಡ ಪಾಲು ಸೈನ್ಯಗಳ ಬೆನ್ನ ಹಿಂದೆಯೇ ಹೋಗ್ತಿತ್ತು. ಒಂದೊಂದು ಪ್ರಾಂತ್ಯ ಒಂದೊಂದು ದೇಶದ ಕೈಗೆ. ಹೆಲ್ಮಂದ್ ಬ್ರಿಟನ್ನಿಗೆ, ಬಾಮಿಯಾನ್ ನ್ಯೂಜಿಲೆಂಡಿಗೆ. ಶಾಲೆ, ರಸ್ತೆ, ಬಾವಿ ಎಲ್ಲ ಜನರ ಮನಸ್ಸು ಗೆಲ್ಲೋ ಆಯುಧಗಳು. ಮೊದಲೇ ಒಲಿದವರ ಮನಸ್ಸು ಯಾರಿಗೆ ಬೇಕು? (ನಮ್ಮವರೂ ಸಾಚಾ ಅಲ್ಲ. ಭಾರತ ಕಟ್ಟಿದ 218 ಕಿ.ಮೀ. ಝರಂಜ್-ದೆಲಾರಾಮ್ ರಸ್ತೆ ನಮಗೆ ಬೇಕಾದ ಚಾಬಹಾರ್ ಬಂದರಿನ ದಿಕ್ಕಿಗೇ ಇದೆ. ಕೊಟ್ಟವನ ಕಣ್ಣು ಯಾವಾಗಲೂ ತನ್ನ ಜೇಬಿನ ಮೇಲೆ.)

ಸಾಲದ್ದಕ್ಕೆ, 2001ರಿಂದ ಖರ್ಚಾದ ನೆರವಿನಲ್ಲಿ ಸುಮಾರು ಶೇ. 40 ಕಂಪನಿಗಳ ಲಾಭ, ಸಲಹೆಗಾರರ ಸಂಬಳ ಅಂತ ಕೊಟ್ಟ ದೇಶಗಳಿಗೇ ವಾಪಸ್ ಹೋಗಿದೆ ಅಂತ 2008ರಲ್ಲಿ ಅಲ್ಲಿನ ನೆರವು ಸಂಸ್ಥೆಗಳ ಒಕ್ಕೂಟವೇ ವರದಿ ಕೊಟ್ಟಿತ್ತು.

"ಗಲಾಟೆ ಇರೋ ಕಡೆ ದುಡ್ಡು ಹಾಕದೆ ಶಾಂತಿ ಹೇಗೆ ಬರುತ್ತೆ ಸ್ವಾಮಿ?" ಅಂತ ಕೇಳೋರಿದ್ದಾರೆ. ಬಂತಾ? 2021ರ ಆಗಸ್ಟಿನಲ್ಲಿ ಹೆಲ್ಮಂದಿನ ರಾಜಧಾನಿ ಲಷ್ಕರ್ ಗಾ ತಾಲಿಬಾನ್ ಕೈಗೆ ಹೋಯ್ತು, ಕಾಬೂಲಿಗಿಂತಲೂ ಮೊದಲೇ.

ಬೇರೆ ದಾರಿ ಗೊತ್ತಿರಲಿಲ್ಲ ಅಂತೇನಿಲ್ಲ. 2003ರಲ್ಲಿ ಅಫ್ಘನ್ ಸರ್ಕಾರವೇ ರಾಷ್ಟ್ರೀಯ ಐಕಮತ್ಯ ಕಾರ್ಯಕ್ರಮ ಅಂತ ಒಂದು ಶುರು ಮಾಡಿತ್ತು. ಕುಟುಂಬಕ್ಕೆ 200 ಡಾಲರ್ ಲೆಕ್ಕ, ಊರಿಗೆ ಹೆಚ್ಚೆಂದರೆ 60,000. ಕಾಲುವೆಯೋ ಸೇತುವೆಯೋ, ಊರವರೇ ಆರಿಸಿದ ಸಮಿತಿ ಕೂತು ತೀರ್ಮಾನಿಸಬೇಕು. ನಮ್ಮ ಹಳ್ಳಿಯ ಪಂಚಾಯ್ತಿಕಟ್ಟೆಗೂ ಅರ್ಥವಾಗೋ ಲೆಕ್ಕ. ದೊಡ್ಡ ದುಡ್ಡನ್ನ ಯಾಕೆ ಹೀಗೆ ಹಂಚಲಿಲ್ಲ ಅಂತ ಯಾರಾದ್ರೂ ಹೇಳ್ತೀರಾ?