ಹಳೆಯ ಮಾಡು ಹಳ್ಳದ ಪಾಲಾಗದಿರಲಿ

ಮಳೆಗಾಲಕ್ಕೆ ಮುನ್ನ ಮಾಡು ಸರಿಪಡಿಸಿಕೊಳ್ಳುವುದು ಮಲೆನಾಡಿನ ಮನೆಮನೆಯ ಕೆಲಸ. ಹೊಸ ಮಾಡಿಗೆ ಏನು ಹೊದಿಸಬೇಕು, ಎಷ್ಟು ಖರ್ಚಾದೀತು ಎಂಬ ಚರ್ಚೆ ಜಗಲಿಯ ಮೇಲೆ ತಿಂಗಳುಗಟ್ಟಲೆ ನಡೆಯುತ್ತದೆ. ಇಳಿಸಿದ ಹಳೆಯ ಮಾಡು ಎಲ್ಲಿಗೆ ಹೋಗಬೇಕೆಂದು ಮಾತ್ರ ಯಾರೂ ಕೇಳುವುದಿಲ್ಲ. ಉತ್ತರ ಬೇಕಾದವರು ಘಟ್ಟದ ರಸ್ತೆಯ ತಿರುವುಗಳ ಕೆಳಗೆ, ಮೋರಿಗಳ ಬಾಯಲ್ಲಿ, ಊರ ಹಳ್ಳದ ದಂಡೆಯಲ್ಲಿ ಒಮ್ಮೆ ಕಣ್ಣಾಡಿಸಲಿ.

ನಮ್ಮ ಹಿರಿಯರಿಗೆ ಈ ಪ್ರಶ್ನೆಯೇ ಇರಲಿಲ್ಲ. ಅಡಿಕೆ ಸೋಗೆಯ ಮಾಡು ವರ್ಷಕ್ಕೊಮ್ಮೆ ಕೆಳಗಿಳಿದು ಗೊಬ್ಬರದ ಗುಂಡಿ ಸೇರುತ್ತಿತ್ತು. ಅಲ್ಲಿಂದ ತೋಟಕ್ಕೆ, ತೋಟದಿಂದ ಮತ್ತೆ ಮಾಡಿಗೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಂಚು ಬಂತು. ಹೆಂಚಿನ ಗೂಡುಗಳು ಕಾಡಿನ ಸೌದೆಯನ್ನೂ ನದೀಬಯಲಿನ ಜೇಡಿಯನ್ನೂ ನುಂಗಿದ್ದು ನಿಜ. ಅದನ್ನು ಮರೆಮಾಚಿ ಹೆಂಚನ್ನು ಹೊಗಳಬೇಕಾಗಿಲ್ಲ. ಆದರೂ ಹೆಂಚಿಗೊಂದು ಮರುಜನ್ಮವಿತ್ತು. ಮನೆಯಿಂದ ಇಳಿದದ್ದು ಕೊಟ್ಟಿಗೆಗೆ ಏರುತ್ತಿತ್ತು. ಒಡೆದದ್ದು ಅಂಗಳದ ಹೊಂಡ ತುಂಬುತ್ತಿತ್ತು. ಪಕಾಸು, ರೀಪುಗಳು ಬಚ್ಚಲ ಒಲೆಗಾಗುತ್ತಿದ್ದವು.

ಮೂರನೆಯದಾಗಿ ಬಂದದ್ದು ಸಿಮೆಂಟ್ ಶೀಟು ಎಂದು ನಾವು ಮುದ್ದಾಗಿ ಕರೆಯುವ ಕಲ್ನಾರಿನ ಹೊದಿಕೆ. ಇದು ಕೊಳೆಯುವುದಿಲ್ಲ, ಉರಿಯುವುದಿಲ್ಲ, ಗುಜರಿಯವನಿಗೂ ಬೇಡ. ಸಿಮೆಂಟಿನೊಳಗೆ ಹುದುಗಿರುವ ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಶೀಟು ಒಡೆದಾಗ, ಕೊಯ್ದಾಗ, ಸವೆದಾಗ ಅದು ಗಾಳಿಗೇರಿ ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ರೋಗ ತಲೆಯೆತ್ತಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳೇ ಹಿಡಿಯಬಹುದು. ಆದ್ದರಿಂದಲೇ ಇಂದು ಸುತ್ತಿಗೆ ಹಿಡಿದ ಕೂಲಿಯ ನಾಳಿನ ಕೆಮ್ಮಿಗೆ ಯಾವ ಮಾಲೀಕನೂ ಹೊಣೆಯಾಗುವುದಿಲ್ಲ.

ಆಸ್ಟ್ರೇಲಿಯಾ 2003ರ ಕೊನೆಗೆ, ಐರೋಪ್ಯ ಒಕ್ಕೂಟ 2005ರಲ್ಲಿ ಕಲ್ನಾರನ್ನು ನಿಷೇಧಿಸಿದವು. ಬಿಳಿ ಕಲ್ನಾರಿನ ನಿಷೇಧಕ್ಕೆ ಅಮೆರಿಕ 2024ರಲ್ಲಿ ನಿಯಮ ಹೊರಡಿಸಿತು. ತನ್ನ ನೆಲದಲ್ಲಿ ಹೊಸ ಕಲ್ನಾರು ಗಣಿಗಳಿಗೆ ಗುತ್ತಿಗೆ ನಿಲ್ಲಿಸಿದ ನಮ್ಮ ದೇಶವು ಅದನ್ನೇ ರಷ್ಯಾ, ಕಜಕಸ್ತಾನಗಳಿಂದ ಹಡಗುಗಟ್ಟಲೆ ತರಿಸಿ ಬಡವರ ನೆತ್ತಿಯ ಮೇಲೆ ಹೊದಿಸುತ್ತಿದೆ. ಅಗೆಯಲು ಅಪಾಯವಾದದ್ದು ಹೊದೆಯಲು ಕ್ಷೇಮವಾಗುವುದು ಯಾವ ನ್ಯಾಯ?

‘ಸಿಮೆಂಟಿನಲ್ಲಿ ಬಂಧಿತವಾದ ಕಲ್ನಾರು ನಿರಪಾಯಕಾರಿ’ ಎಂಬುದು ಉದ್ಯಮದವರ ವಾದ. ಮಾಡಿನ ಮೇಲೆ ಅಲುಗದೆ ಕುಳಿತಿರುವಷ್ಟು ಕಾಲ ಅಪಾಯ ಕಡಿಮೆಯೆಂದೇ ಇಟ್ಟುಕೊಳ್ಳೋಣ. ಆದರೆ ಎಲ್ಲ ಮಾಡುಗಳೂ ಒಂದು ದಿನ ಇಳಿಯಲೇಬೇಕಲ್ಲವೇ? ಮೇಲಿನಿಂದ ಶೀಟನ್ನು ಎಸೆದು ಚೂರು ಮಾಡಿ ಟ್ರ್ಯಾಕ್ಟರಿಗೆ ತುಂಬುವ ಆ ದಿನ ಬಂಧನ ಕಳಚುತ್ತದೆ. ‘ಬಡವರಿಗೆ ಬೇರೆ ಗತಿಯಿಲ್ಲ’ ಎಂಬುದು ಇನ್ನೊಂದು ವಾದ. ಬಡವರನ್ನು ನಾವು ದೂಷಿಸುತ್ತಿಲ್ಲ. ಅಗ್ಗದ ಶೀಟಿನ ನಿಜವಾದ ಬೆಲೆಯನ್ನು ಮೂವತ್ತು ವರ್ಷ ಮುಂದೂಡಿ ಆಸ್ಪತ್ರೆಯಲ್ಲಿ ವಸೂಲಿ ಮಾಡುವ ವ್ಯವಸ್ಥೆಯನ್ನು ದೂಷಿಸುತ್ತಿದ್ದೇವೆ.

ಪಟ್ಟಣದಲ್ಲಿ ಕಬ್ಬಿಣದ ದೊಡ್ಡ ತೊಟ್ಟಿಯನ್ನೋ ಟಿಪ್ಪರನ್ನೋ ಬಾಡಿಗೆಗೆ ತರಿಸಿ ಅವಶೇಷ ಸಾಗಿಸುವವರಿದ್ದಾರೆ. ಹಣ ಕೊಟ್ಟೊಡನೆ ಹೊಣೆ ತೀರಿತೆಂಬ ಸಮಾಧಾನ ಅವರದು. ಆದರೆ ಅಂಗಳ ಖಾಲಿಯಾದರೆ ತ್ಯಾಜ್ಯ ಇಲ್ಲವಾಗುವುದಿಲ್ಲ. ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ. ಬೆಂಗಳೂರಿನ ಕಸ ಮಾವಳ್ಳಿಪುರ, ಮಂಡೂರುಗಳ ನೀರನ್ನು ಕೆಡಿಸಿತು. 2014ರಲ್ಲಿ ಮಂಡೂರಿನ ಜನ ಬೀದಿಗಿಳಿದ ಮೇಲಷ್ಟೇ ಸರ್ಕಾರಕ್ಕೆ ಎಚ್ಚರವಾಯಿತು. ಆ ದಾರಿಯನ್ನೇ ನಾವೂ ಹಿಡಿಯಬೇಕೇ? ತೊಟ್ಟಿ ಬೇಕು, ನಿಜ. ತೊಟ್ಟಿಯ ಕೊನೆಯ ನಿಲ್ದಾಣ ಯಾವುದೆಂಬುದು ಅದಕ್ಕಿಂತ ಮೊದಲು ತೀರ್ಮಾನವಾಗಬೇಕು.

ಕಾನೂನು ಇಲ್ಲವೆಂದು ಯಾರೂ ನುಣುಚಿಕೊಳ್ಳುವಂತಿಲ್ಲ. ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ಕಟ್ಟಡ ತ್ಯಾಜ್ಯದ ನಿಯಮಗಳು, ತ್ಯಾಜ್ಯವನ್ನು ವಿಂಗಡಿಸಿಡುವ ಹೊಣೆಯನ್ನು ಉತ್ಪಾದಿಸಿದವರ ಮೇಲೂ, ತೊಟ್ಟಿಯಿಟ್ಟು ಸಾಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೂ ಹೊರಿಸಿದವು. 2025ರಲ್ಲಿ ಪ್ರಕಟವಾದ ಹೊಸ ನಿಯಮಗಳ ವಿಸ್ತೃತ ಹೊಣೆಗಾರಿಕೆಯಾದರೋ 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಬೃಹತ್ ಕಟ್ಟಡಗಳತ್ತ ಮುಖ ಮಾಡಿದೆ. ನಗರವನ್ನು ಕಣ್ಣಮುಂದಿಟ್ಟುಕೊಂಡು ಬರೆದ ಇಂಥ ನಿಯಮಗಳಲ್ಲಿ ಹಳ್ಳಿಯ ಮಾಡು ಕಾಣುವುದೇ ಇಲ್ಲ. ಆದುದರಿಂದ ಗ್ರಾಮಸಭೆಯೇ ಮುಂದಾಗಬೇಕು.

ನಮ್ಮ ಬೇಡಿಕೆಗಳು ಇವು:

1. ಒಡೆದ ಹೆಂಚು, ಗಾರೆ, ಕಾಂಕ್ರೀಟುಗಳಿಗಾಗಿ ಹಳ್ಳದಿಂದಲೂ ಇಳಿಜಾರಿನಿಂದಲೂ ದೂರವಾದ ಜಾಗವನ್ನು ಪ್ರತಿ ಪಂಚಾಯಿತಿ ಗುರುತಿಸಲಿ. ಬೇಸಿಗೆಯಲ್ಲಿ ತೊಟ್ಟಿಯೊಂದು ಸರದಿಯಂತೆ ಕೇರಿಕೇರಿಗೆ ಬರಲಿ. ಬಾಡಿಗೆ ಬಡವರ ಕೈಗೆಟುಕುವಂತಿರಲಿ.

2. ಗಟ್ಟಿಯಿರುವ ಹಳೆಯ ಹೆಂಚು, ಮರಮಟ್ಟುಗಳನ್ನು ಕೂಡಿಟ್ಟು, ಬೇಕಾದವರಿಗೆ ಕೊಡುವ ಏರ್ಪಾಡಾಗಲಿ.

3. ಕಲ್ನಾರಿನ ಶೀಟು ಇದರೊಡನೆ ಬೆರೆಯಕೂಡದು. ಅದನ್ನು ಪ್ರತ್ಯೇಕವಾಗಿ ಪಡೆದು ಅಪಾಯಕಾರಿ ತ್ಯಾಜ್ಯದಂತೆ ವಿಲೇವಾರಿ ಮಾಡುವ ಹೊಣೆ ಜಿಲ್ಲಾಡಳಿತದ್ದಾಗಲಿ.

4. ಶಾಲೆ, ಅಂಗನವಾಡಿಗಳ ಮಾಡಿಗೆ ಇನ್ನು ಕಲ್ನಾರು ಬೇಡ. ಇರುವುದನ್ನು ತೆಗೆಯುವ ಗುತ್ತಿಗೆದಾರ, ಎಲ್ಲಿ ವಿಲೇವಾರಿ ಮಾಡಿದೆನೆಂದು ಲಿಖಿತವಾಗಿ ತೋರಿಸದ ಹೊರತು ಬಿಲ್ಲು ಪಾವತಿಯಾಗಕೂಡದು.

ಈ ವ್ಯವಸ್ಥೆ ಬರುವವರೆಗೆ ಶೀಟು ಇಳಿಸಲೇಬೇಕಾದವರು ಮೊದಲು ನೀರೆರಚಿ ತೇವ ಮಾಡಿರಿ. ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿರಿ. ಒಡೆಯಬೇಡಿರಿ, ಒಣ ಧೂಳನ್ನು ಗುಡಿಸಬೇಡಿರಿ. ಮುಖಕ್ಕೆ ಕಟ್ಟುವ ಬಟ್ಟೆ ಈ ಎಳೆಯನ್ನು ತಡೆಯದು. ತಕ್ಕ ಮುಖಗವಸು ಬೇಕು. ಚೂರುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿರಿ. ರಸ್ತೆಯ ಹೊಂಡ ತುಂಬಲು ಬಳಸಬೇಡಿರಿ.

ವಿದ್ಯಾರ್ಥಿ ಮಿತ್ರರಿಗೊಂದು ಕೆಲಸವಿದೆ. ನಿಮ್ಮೂರಿನ ಹಳ್ಳವನ್ನು ಮೂಲದಿಂದ ಹೊಳೆ ಸೇರುವವರೆಗೆ ನಡೆದು ನೋಡಿರಿ. ಅವಶೇಷ ಸುರಿದ ಜಾಗಗಳನ್ನು ಮುಟ್ಟದೆ ಗುರುತು ಹಾಕಿ, ನಕ್ಷೆ ಬರೆದು, ಗ್ರಾಮಸಭೆಯ ಮುಂದಿಡಿರಿ. 1983ರಲ್ಲಿ ಸಲ್ಕಣಿಯ ಜನ ಮರವನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದ ನೆಲವಿದು. ಅಂದು ಕೊಡಲಿ ಹೊರಗಿನಿಂದ ಬಂದಿತ್ತು. ಇಂದು ಟ್ರ್ಯಾಕ್ಟರು ನಮ್ಮದೇ ಮನೆಯಂಗಳದಿಂದ ಹೊರಡುತ್ತಿದೆ. ಅದನ್ನು ತಡೆಯುವವರೂ ನಾವೇ ಆಗಬೇಕು.