ತೂಬಿನ ಕೀಲಿ ಯಾರ ಕೈಯಲ್ಲಿ?

ಕೆರೆ ಎಷ್ಟೇ ದೊಡ್ಡದಿರಲಿ, ಅದರ ಮರ್ಯಾದೆ ಇರುವುದು ತೂಬಿನಲ್ಲಿ. ಕಡೂರು ತಾಲ್ಲೂಕಿನ ಅಯ್ಯನಕೆರೆಯಾಗಲಿ, ಮದಗದ ಕೆರೆಯಾಗಲಿ, ತುಂಬಿ ತುಳುಕುತ್ತಿದ್ದರೂ ತೂಬು ಎತ್ತದೆ ಗದ್ದೆಗೆ ಹನಿ ನೀರು ಹೋಗದು. ಹಿಂದೆ ಅದನ್ನು ಎತ್ತುತ್ತಿದ್ದವನು ನೀರುಗಂಟಿ. ಅವನು ಊರಿನವನೇ; ತಪ್ಪಿದರೆ ಅರಳಿಕಟ್ಟೆಯಲ್ಲಿ ಕೂರಿಸಿಕೊಂಡು ‘ಏನಯ್ಯಾ ಇದು’ ಎಂದು ಕೇಳಬಹುದಾಗಿತ್ತು.

ಈಗ ತರೀಕೆರೆ ಹತ್ತಿರದ ನನ್ನ ಅಡಿಕೆ ತೋಟಕ್ಕೆ ಹೊಸ ತೂಬೊಂದು ಬಂದಿದೆ. ಅದರ ಹೆಸರು ಗೇಟ್‌ವೇ. ಕಂಬದ ಮೇಲೆ ಕೂತ ಒಂದು ಡಬ್ಬಿ, ಅಷ್ಟೆ. ಮಣ್ಣಿನಲ್ಲಿ ನೆಟ್ಟ ತೇವಮಾಪಕಗಳು ಸಣ್ಣ ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬದುಕಬೇಕು. ಹಾಗಾಗಿ ಅವು ಕೂಗುವುದಿಲ್ಲ, ಪಿಸುಗುಟ್ಟುತ್ತವೆ. ಲೋರಾ ಎಂಬ ಆ ಪಿಸುಮಾತಿಗೆ ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಗಳಲ್ಲಿ ಲೈಸೆನ್ಸ್ ಬೇಡ. ಆದರೆ ಆ ಮಾತು ಇಂಟರ್ನೆಟ್ಟಿಗೆ ತಿಳಿಯದು. ಗೇಟ್‌ವೇ ಅದನ್ನು ಕೇಳಿಸಿಕೊಂಡು ಸಿಮ್ ಕಾರ್ಡಿನ ಮೂಲಕ ದೂರದ ಸರ್ವರಿಗೆ ಮುಟ್ಟಿಸುತ್ತದೆ; ಅಲ್ಲಿಂದ ಬಂದ ಅಪ್ಪಣೆಯನ್ನು ವಾಲ್ವಿಗೂ ಮೋಟಾರಿಗೂ ತಲುಪಿಸುತ್ತದೆ.

ಕಳೆದ ಬೇಸಿಗೆಯಲ್ಲಿ ಈ ಡಬ್ಬಿಯನ್ನು ನಂಬಿ ಕಡೂರಿಗೆ ನೆಂಟರ ಮದುವೆಗೆ ಹೋದೆ. ಮೂರು ದಿನ ಬಿಟ್ಟು ಬಂದರೆ ಎಳೆ ಸಸಿಗಳು ಜೋಲುಬಿದ್ದಿವೆ. ಕರೆಂಟು ಇತ್ತು, ಬೋರಿನಲ್ಲಿ ನೀರಿತ್ತು, ಮಾಪಕಗಳು ‘ಒಣಗಿದೆ, ಒಣಗಿದೆ’ ಎನ್ನುತ್ತಲೇ ಇದ್ದವು. ಮೊಬೈಲ್ ಸಿಗ್ನಲ್ ಮಾತ್ರ ಇರಲಿಲ್ಲ. ಪೇಟೆಗೆ ಹೋಗಿ ಕಂಪನಿಗೆ ಫೋನು ಮಾಡಿದೆ. ಹುಡುಗ ವಿನಯದಿಂದಲೇ ಹೇಳಿದ: “ಸಾರ್, ಸರ್ವರ್‌ಗೆ ನಿಮ್ಮ ತೋಟ ಕಾಣ್ತಾ ಇಲ್ಲ.” “ನನಗೆ ಕಂಡಿತಪ್ಪ” ಎಂದೆ. ಆ ರಾತ್ರಿ ಟಾರ್ಚ್ ಹಿಡಿದು ವಾಲ್ವುಗಳನ್ನು ಕೈಯಲ್ಲೇ ತಿರುಗಿಸಿದೆ.

ಇದು ಯಂತ್ರದ ತಪ್ಪಲ್ಲ, ಯಜಮಾನಿಕೆಯ ತಪ್ಪು. ಮಾಪಕಕ್ಕೂ ವಾಲ್ವಿಗೂ ನಡುವೆ ಇರುವುದು ನೂರು ಮಾರು. ಆ ನೂರು ಮಾರು ದಾಟಲು ಮಾತು ಬೆಂಗಳೂರಿಗೋ ಅದಕ್ಕೂ ಆಚೆಗೋ ಹೋಗಿ ಬರಬೇಕೆ? ‘ತೇವ ಇಷ್ಟಕ್ಕಿಂತ ಇಳಿದರೆ ನೀರು ಬಿಡು’ ಎಂಬ ಒಂದು ಸಾಲಿನ ಬುದ್ಧಿಯನ್ನು ಡಬ್ಬಿಯಲ್ಲೇ ಇಡಬಹುದು. ಅದಕ್ಕೆ ಚಿರ್ಪ್‌ಸ್ಟ್ಯಾಕ್‌ನಂಥ ಮುಕ್ತ ತಂತ್ರಾಂಶಗಳು ಇವೆ. ಇಡದಿರುವುದು ವ್ಯಾಪಾರದ ಲೆಕ್ಕ: ಬುದ್ಧಿ ತಮ್ಮ ಬಳಿ ಇದ್ದರೆ ವರ್ಷವರ್ಷ ಚಂದಾ ವಸೂಲಾಗುತ್ತದೆ.

ಸರ್ವರ್ ನಡೆಸುವವರು ನಾಳೆ ಅಂಗಡಿ ಮುಚ್ಚಿದರೆ? ಅಮೆರಿಕದಲ್ಲಿ ರಿವಾಲ್ವ್ ಎಂಬ ಮನೆಬಳಕೆಯ ಗೇಟ್‌ವೇ ಸುಮಾರು 300 ಡಾಲರಿಗೆ ಮಾರಾಟವಾಗುತ್ತಿತ್ತು. 2014ರಲ್ಲಿ ನೆಸ್ಟ್ ಕಂಪನಿ ಅದನ್ನು ಕೊಂಡಿತು, 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಡಬ್ಬಿ ಕೆಟ್ಟಿರಲಿಲ್ಲ, ಆದರೂ ಕೊಂಡವರ ಮನೆಯಲ್ಲಿ ಅದು ಬರೀ ಪ್ಲಾಸ್ಟಿಕ್ ಆಯಿತು.

‘ರೈತರಿಗೆ ಇವೆಲ್ಲ ನಿಭಾಯಿಸಲು ಬರುವುದಿಲ್ಲ’ ಎನ್ನುತ್ತಾರೆ ಮಾರುವವರು. ಕಡೂರಿನ ತೆಂಗಿಗೆ, ತರೀಕೆರೆಯ ಅಡಿಕೆಗೆ, ಅಜ್ಜಂಪುರದ ಎರೆಮಣ್ಣಿನ ಈರುಳ್ಳಿಗೆ ಬೇಕಾದ ನೀರು ಒಂದೇ ಅಲ್ಲ. ಆ ವ್ಯತ್ಯಾಸ ಬಲ್ಲವರು ನಾವೋ, ಅವರ ಸರ್ವರೋ? ದೂರದಿಂದ ನೋಡಲು, ಮಳೆಯ ಮುನ್ಸೂಚನೆ ತರಲು ಇಂಟರ್ನೆಟ್ ಬೇಕು, ಒಪ್ಪಿದೆ. ಆದರೆ ನೋಡುವುದು ಬೇರೆ, ಆಳುವುದು ಬೇರೆ.

ಆದ್ದರಿಂದ ಡಬ್ಬಿ ಕೊಳ್ಳುವ ಮುನ್ನ ಎರಡೇ ಪ್ರಶ್ನೆ ಕೇಳಿ. ಸಿಮ್ ಕಿತ್ತರೂ ನೀರು ಬಿಡುತ್ತದೆಯೆ? ನೀವು ಮುಳುಗಿದರೂ ಅದು ಎಂಕ್ಯೂಟಿಟಿಯಂಥ ಎಲ್ಲರ ಭಾಷೆಯಲ್ಲಿ ಮತ್ತೊಬ್ಬರೊಡನೆ ಮಾತಾಡುತ್ತದೆಯೆ? ‘ಇಲ್ಲ’ ಎಂದರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬನ್ನಿ. ಅರಳಿಕಟ್ಟೆಗೆ ಕರೆಸಲಾಗದ ನೀರುಗಂಟಿಯ ಕೈಗೆ ನಮ್ಮ ಹಿರಿಯರು ತೂಬು ಒಪ್ಪಿಸಿದವರಲ್ಲ.