ದೋಷನಿರ್ಣಯವೂ ಕಾರಣವಿಚಾರವೂ

ಹೆದ್ದಾರಿಯಲ್ಲಿ ಎರಡು ವಾಹನಗಳು ಒಂದಕ್ಕೊಂದು ಅಪ್ಪಳಿಸಿದ ಗಳಿಗೆಯಲ್ಲಿ, ಗಾಯಗೊಂಡವನನ್ನು ಇನ್ನೂ ನೆಲದಿಂದ ಎತ್ತುವ ಮೊದಲೇ, ಸುತ್ತ ನೆರೆದವರ ನಡುವೆ ಹುಟ್ಟುವ ಪ್ರಶ್ನೆ ತಪ್ಪು ಯಾರದು ಎಂಬುದು. ಠಾಣೆಯ ಪ್ರಥಮ ವರ್ತಮಾನ ವರದಿ, ನ್ಯಾಯಾಲಯದ ವಿಚಾರಣೆ, ವಿಮಾ ಪರಿಹಾರದ ವ್ಯಾಜ್ಯ, ಮರುದಿನದ ಪತ್ರಿಕೆಯ ನಾಲ್ಕು ಸಾಲಿನ ವಾರ್ತೆ, ಇವೆಲ್ಲವೂ ಆ ಒಂದೇ ಪ್ರಶ್ನೆಯನ್ನು ಸುತ್ತುತ್ತವೆ. ಈ ಪ್ರಶ್ನೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಮನೆಯ ಆಧಾರವನ್ನು ಕಳೆದುಕೊಂಡವರಿಗೆ ಪರಿಹಾರ ದೊರೆಯಬೇಕಾದರೆ, ಮದ್ಯಪಾನ ಮಾಡಿ ವಾಹನ ನಡೆಸಿದವನಿಗೆ ದಂಡನೆಯಾಗಬೇಕಾದರೆ, ಅದಕ್ಕೆ ಉತ್ತರ ಬೇಕೇ ಬೇಕು. ಆದರೆ ದೋಷವನ್ನು ನಿರ್ಣಯಿಸುವ ವಿದ್ಯೆ ಬೇರೆ, ಮರಣವನ್ನು ತಡೆಯುವ ವಿದ್ಯೆ ಬೇರೆ. ಮೊದಲನೆಯದು ನಮ್ಮಲ್ಲಿ ಶತಮಾನಗಳಿಂದ ಬೆಳೆದು ಬಂದಿದೆ. ಎರಡನೆಯದು ಸಾರಿಗೆಯವರು, ಎಂಜಿನಿಯರುಗಳು, ವೈದ್ಯರು ತಮ್ಮ ತಮ್ಮ ಆವರಣಗಳನ್ನು ಬಿಟ್ಟು ಹೊರಬಂದು ಒಂದೆಡೆ ಕಲೆತಲ್ಲಿ ಮಾತ್ರ ಹುಟ್ಟಿದೆ. ನಾವು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಮೂವರನ್ನೂ ಇನ್ನೂ ಬೇರೆ ಬೇರೆಯಾಗಿಯೇ ಇರಿಸಿಕೊಂಡಿದ್ದೇವೆ.

ಈ ವಿದ್ಯೆ ಹುಟ್ಟಿದ ಬಗೆಯನ್ನು ತುಸು ವಿಸ್ತಾರವಾಗಿಯೇ ನೋಡಬೇಕು. 1935ರ ಮೇ ತಿಂಗಳಲ್ಲಿ, ಅರೇಬಿಯದ ಲಾರೆನ್ಸ್ ಎಂದು ಲೋಕಪ್ರಸಿದ್ಧರಾಗಿದ್ದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನ ಹಳ್ಳಿಯ ದಾರಿಯೊಂದರಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡರು. ಅವರ ಚಿಕಿತ್ಸೆಗೆ ಬಂದ ವೈದ್ಯರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಮಿದುಳು ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಒಬ್ಬ ಪ್ರಖ್ಯಾತ ಪುರುಷನ ಸಾವಿಗೆ ಲೋಕವೆಲ್ಲ ಮರುಗಿ ಮರೆತುಬಿಟ್ಟ ಬಳಿಕ ಕೇರ್ನ್ಸ್ ಮಾತ್ರ ಆ ಸಾವನ್ನು ಮರೆಯದೆ, ಯುದ್ಧಕಾಲದ ಕತ್ತಲ ರಸ್ತೆಗಳಲ್ಲಿ ಸಂದೇಶವಾಹಕ ಸೈನಿಕರು ಸಾಲುಸಾಲಾಗಿ ತಲೆಯೊಡೆದುಕೊಂಡು ಸಾಯುತ್ತಿದ್ದುದನ್ನು ಕಂಡು, 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಮೋಟಾರ್ ಸೈಕಲ್ ಸವಾರರ ತಲೆಗಾಯಗಳನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಶಿರಸ್ತ್ರಾಣ ಧರಿಸಿ ಬಿದ್ದವರಾಗಿ ಆಗ ಅವರ ಕಣ್ಣಿಗೆ ಬಿದ್ದವರು ಏಳೇ ಮಂದಿ. ಆ ಏಳು ಮಂದಿಯೂ ಬದುಕಿದ್ದರು. ಸಂಖ್ಯೆ ಅತ್ಯಲ್ಪವೆಂಬುದನ್ನು ಬಲ್ಲವರಾಗಿಯೂ ಅವರು ಅದನ್ನು ಮುಚ್ಚಿಡಲಿಲ್ಲ, ಅದರಾಚೆಗೆ ಹಿಗ್ಗಿಸಲೂ ಇಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಕರ್ತವ್ಯದ ಮೇಲಿರುವ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. ಸಾಮಾನ್ಯ ಪ್ರಜೆಗೆ ಆ ರಕ್ಷಣೆ ಕಾನೂನಾಗಿ ಬಂದದ್ದು 1973ರಲ್ಲಿ. ಕೇರ್ನ್ಸ್ ತೀರಿಕೊಂಡು ಆಗಲೇ ಇಪ್ಪತ್ತೊಂದು ವರ್ಷಗಳಾಗಿದ್ದವು. ಇಲ್ಲಿ ನಾವು ಗಮನಿಸಬೇಕಾದುದು ಇಷ್ಟು: ಸವಾರ ಯಾಕೆ ಬಿದ್ದ, ಯಾರ ಅಜಾಗರೂಕತೆಯಿಂದ ಬಿದ್ದ ಎಂದು ಕೇರ್ನ್ಸ್ ಕೇಳಲಿಲ್ಲ. ಬೀಳುವವನು ಹೇಗೂ ಬೀಳುತ್ತಾನೆ, ಬಿದ್ದವನು ಯಾಕೆ ಸಾಯಬೇಕು ಎಂದು ಕೇಳಿದರು.

ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ ಇದೇ ಪ್ರಶ್ನೆ ಇನ್ನೊಬ್ಬರ ಮನಸ್ಸಿನಲ್ಲಿ ಮೂಡಿತ್ತು. ಹ್ಯೂ ಡಿ ಹೇವನ್ ವೈದ್ಯರಲ್ಲ, ಯಂತ್ರಕಲ್ಪಕರು. ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನ ನಡೆಸುವ ತರಬೇತಿಯಲ್ಲಿದ್ದಾಗ ಆಕಾಶದಲ್ಲಿ ಇನ್ನೊಂದು ವಿಮಾನಕ್ಕೆ ತಾಗಿ ಕೆಳಕ್ಕುರುಳಿದ ಅವರು, ಒಳಗಿನ ಅಂಗಗಳು ಬಿರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗ, ತಮ್ಮನ್ನು ಗಾಯಗೊಳಿಸಿದ್ದು ಪತನವಲ್ಲ, ತಮ್ಮ ಸೊಂಟಕ್ಕೆ ಕಟ್ಟಿದ್ದ ಪಟ್ಟಿಯ ಕೊಕ್ಕೆ ಎಂದು ಮನಗಂಡರು. 1942ರಲ್ಲಿ ಅವರು ಐವತ್ತು ಅಡಿಯಿಂದ ನೂರೈವತ್ತು ಅಡಿಗಳವರೆಗಿನ ಎತ್ತರದಿಂದ ಬಿದ್ದೂ ಬದುಕುಳಿದ ಕೆಲವರ ವೃತ್ತಾಂತಗಳನ್ನು ಕಲೆಹಾಕಿ, ಅವರು ಬಿದ್ದ ನೆಲ ಎಷ್ಟು ಅಂಗುಲ ಕುಸಿಯಿತು, ಬಡಿತದ ಬಲ ಶರೀರದ ಎಷ್ಟು ಭಾಗದ ಮೇಲೆ ಹರಡಿತು ಎಂದು ಅಳೆದು ನೋಡಿದರು. ಜನ ಪವಾಡವೆಂದು ಕೈಮುಗಿದು ಸುಮ್ಮನಾದ ಕಡೆ ಅವರಿಗೆ ಕಂಡದ್ದು ಯಂತ್ರಶಾಸ್ತ್ರದ ಸರಳ ನಿಯಮ: ಶರೀರ ನಿಲ್ಲುವ ದೂರವನ್ನು ಕೆಲವೇ ಅಂಗುಲ ಹೆಚ್ಚಿಸಿದರೂ ಅದರ ಮೇಲೆ ಬೀಳುವ ಬಲ ಬಹುವಾಗಿ ತಗ್ಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅವರು ಆರಂಭಿಸಿದ ಸಂಶೋಧನೆ ವಿಮಾನಗಳಿಂದ ಮೋಟಾರು ಕಾರುಗಳಿಗೆ ಇಳಿದು ಬಂದಾಗ, ಡಿಕ್ಕಿಯಲ್ಲಿ ಬಾಗಿಲು ತೆರೆದುಕೊಂಡು ಹೊರಗೆಸೆಯಲ್ಪಟ್ಟವರೇ ಹೆಚ್ಚಾಗಿ ಸಾಯುತ್ತಾರೆಂಬುದು ಸಿದ್ಧವಾಯಿತು. ಅಮೆರಿಕದ ಕಾರುಗಳ ಬಾಗಿಲ ಚಿಲಕ ಬದಲಾಯಿತು. 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಾರುಗಳಿಗೆ ಮೂರು ಬಿಂದುಗಳ ಪಟ್ಟಿಯನ್ನು ರೂಪಿಸಿದ ನಿಲ್ಸ್ ಬೋಲಿನ್ ಕೂಡ, ವಿಮಾನಚಾಲಕನನ್ನು ಆಪತ್ತಿನಲ್ಲಿ ಹೊರಕ್ಕೆಸೆಯುವ ಆಸನಗಳನ್ನು ನಿರ್ಮಿಸುತ್ತಿದ್ದವರು.

ಈ ಎಲ್ಲ ಬಿಡಿ ಅರಿವುಗಳಿಗೆ ಶಾಸ್ತ್ರದ ಚೌಕಟ್ಟನ್ನು ಕೊಟ್ಟವರು ವಿಲಿಯಂ ಹ್ಯಾಡನ್ ಎಂಬ ಸಾರ್ವಜನಿಕ ಆರೋಗ್ಯದ ವೈದ್ಯರು; 1966ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ಹೊಸ ಕೇಂದ್ರಸಂಸ್ಥೆಗೆ ಮೊದಲ ಮುಖ್ಯಸ್ಥರಾದವರೂ ಅವರೇ. ಗಾಯವೆಂಬುದು ಶರೀರ ತಡೆದುಕೊಳ್ಳಲಾರದಷ್ಟು ಶಕ್ತಿ ಅದಕ್ಕೆ ವರ್ಗಾವಣೆಯಾದುದರ ಫಲ ಎಂಬ ಮಾತನ್ನು ಹಿಡಿದು, ಅಪಘಾತಕ್ಕೆ ಮುನ್ನ, ಅಪಘಾತದ ಕ್ಷಣದಲ್ಲಿ, ಅಪಘಾತದ ನಂತರ ಎಂಬ ಮೂರು ಕಾಲಗಳನ್ನೂ, ಮನುಷ್ಯ, ವಾಹನ, ಪರಿಸರ ಎಂಬ ಮೂರು ಅಂಗಗಳನ್ನೂ ಒಂದು ಕೋಷ್ಟಕದಲ್ಲಿ ಇರಿಸಿ, ಪ್ರತಿಯೊಂದು ಮನೆಯಲ್ಲೂ ತಡೆಯುವ ಉಪಾಯವನ್ನು ಹುಡುಕಬೇಕೆಂದು ಅವರು ಪ್ರತಿಪಾದಿಸಿದರು. ಮಲೇರಿಯಾ ಜ್ವರ ಇಳಿಮುಖವಾದದ್ದು ಸಂಜೆಯ ಹೊತ್ತು ಮನೆಯಿಂದ ಹೊರಟವನನ್ನು ಗದರಿಸಿದ್ದರಿಂದಲ್ಲ, ಸೊಳ್ಳೆಯನ್ನೂ ಅದು ಬೆಳೆಯುವ ನಿಂತ ನೀರನ್ನೂ ಅರಿತು ಕೆಲಸ ಮಾಡಿದ್ದರಿಂದ. ಅದೇ ನ್ಯಾಯವನ್ನು ರಸ್ತೆಗೂ ಅನ್ವಯಿಸಬೇಕೆಂಬುದು ಅವರ ವಾದದ ತಿರುಳು.

ಈಗ ನಮ್ಮ ನಾಡಿನತ್ತ ತಿರುಗೋಣ. 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಸತ್ತವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು, ಹತ್ತೊಂಬತ್ತಕ್ಕೂ ಹೆಚ್ಚು ಜನ ಪಾದಚಾರಿಗಳು. ಈ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚಿನವನ್ನು ಅತಿವೇಗವೆಂಬ ಒಂದು ಶೀರ್ಷಿಕೆಯ ಕೆಳಗೆ ವರದಿ ಸೇರಿಸಿದೆ. ನಾವೂ ಅದನ್ನು ಓದಿ, ಚಾಲಕರ ದುಡುಕಿಗೆ ಮರುಗಿ, ಪುಟ ಮಗುಚುತ್ತೇವೆ. ವೇಗ ಕೊಲ್ಲುತ್ತದೆಂಬುದು ನಿಸ್ಸಂಶಯ: ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದು ಸುಮಾರು 10 ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮ, ವೇಗ ಇಮ್ಮಡಿಯಾದರೆ ಆ ಎತ್ತರ ನಾಲ್ಮಡಿಯಾಗುತ್ತದೆ. ಆದರೆ ವೇಗವನ್ನು ಚಾಲಕನ ದುರ್ಗುಣವೆಂದು ಬರೆದು ಮುಗಿಸಿದ ಲೇಖನಿ, ಆ ವೇಗವನ್ನು ಆಹ್ವಾನಿಸಿದವರು ಯಾರೆಂದು ಕೇಳುವುದಿಲ್ಲ. ಅಗಲವಾಗಿ, ನೇರವಾಗಿ, ನುಣುಪಾಗಿ ರಸ್ತೆಯನ್ನು ಹಾಸಿ, ಅದನ್ನು ಹಳ್ಳಿಯ ಮನೆಗಳಿಗೂ ಆ ಹಳ್ಳಿಯ ಗದ್ದೆಗಳಿಗೂ ನಡುವೆ ಕೊಂಡೊಯ್ದು, ಬದಿಯಲ್ಲೊಂದು ವೇಗಮಿತಿಯ ಫಲಕವನ್ನು ನೆಟ್ಟವರು, ರಸ್ತೆಯ ರೂಪ ಹೇಳುವುದೊಂದು, ಫಲಕ ಹೇಳುವುದೊಂದು ಎಂಬುದನ್ನು ಬಲ್ಲರು. ಮನುಷ್ಯ ಫಲಕಕ್ಕಿಂತ ರೂಪವನ್ನೇ ನಂಬುತ್ತಾನೆಂಬುದನ್ನೂ ಬಲ್ಲರು. 2023ರ ಮಾರ್ಚಿನಲ್ಲಿ ವಿಧ್ಯುಕ್ತವಾಗಿ ತೆರೆದ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಸಾವಿನ ಮೇಲೆ ಸಾವು ಸಂಭವಿಸಿದ ನಂತರವೇ ಕ್ಯಾಮೆರಾಗಳು ಬಂದವು, ಅದೇ ವರ್ಷದ ಆಗಸ್ಟ್ 1ರಿಂದ ಬೈಕು ಆಟೋಗಳಿಗೆ ಮುಖ್ಯಪಥದಲ್ಲಿ ಪ್ರವೇಶ ನಿಷಿದ್ಧವಾಯಿತು, ಮರುವರ್ಷ ಸಾವುಗಳು ಬಹಳವಾಗಿ ಇಳಿದವು. ಚಾಲಕರ ಶೀಲ ಒಂದು ವರ್ಷದಲ್ಲಿ ಮಾರ್ಪಡಲಿಲ್ಲ. ಅವರ ಸುತ್ತಣ ವ್ಯವಸ್ಥೆ ಮಾರ್ಪಟ್ಟಿತು. ಮೊದಲೇ ಮಾಡಬಹುದಾಗಿದ್ದುದನ್ನು ಹೆಣಗಳನ್ನು ಎಣಿಸಿದ ಮೇಲೆ ಮಾಡಿದೆವೆಂಬುದು ನನ್ನನ್ನು ಕಾಡುವ ಸಂಗತಿ.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವುಂಟು. ಮನುಷ್ಯನ ತಪ್ಪನ್ನು ರಸ್ತೆಯ ಮೇಲೂ ಯಂತ್ರದ ಮೇಲೂ ಹೊರಿಸುತ್ತ ಹೋದರೆ, ಕರ್ತವ್ಯಪ್ರಜ್ಞೆಯೇ ಸಡಿಲವಾಗಿ, ಯಾರೂ ಯಾವುದಕ್ಕೂ ಹೊಣೆಯಲ್ಲದ ಸ್ಥಿತಿ ಬರುವುದಿಲ್ಲವೆ ಎಂದು ವಿವೇಕಿಗಳೇ ಕೇಳುತ್ತಾರೆ. ಆ ಭಯ ಸುಳ್ಳಲ್ಲ. ಶಿರಸ್ತ್ರಾಣದ ಕಾನೂನು ಕೂಡ ದಂಡದ ಅಂಜಿಕೆಯಿಲ್ಲದೆ ನಡೆಯದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕಾರಣವಿಚಾರದಿಂದ ಹೊಣೆ ಕರಗುವುದಿಲ್ಲ, ಹರಡುತ್ತದೆ. ಚಾಲಕನೊಬ್ಬನ ಹೆಗಲ ಮೇಲಿದ್ದುದು ತಿರುವನ್ನು ಎಳೆದ ಎಂಜಿನಿಯರನ ಮೇಲೆ, ಒಳಪದರವಿಲ್ಲದ ಹಗುರ ಟೋಪಿಯನ್ನು ಹೆಲ್ಮೆಟ್ಟೆಂದು ಮಾರಿದವನ ಮೇಲೆ, ತುರ್ತು ಚಿಕಿತ್ಸೆಯಿಲ್ಲದ ಆಸ್ಪತ್ರೆಯನ್ನು ಹೆದ್ದಾರಿಯ ಬದಿಯಲ್ಲಿ ಹಾಗೆಯೇ ಬಿಟ್ಟ ಆಡಳಿತದ ಮೇಲೆ ಬಂದು ಕೂರುತ್ತದೆ. 1997ರಲ್ಲಿ ಸ್ವೀಡನ್ನಿನ ಸಂಸತ್ತು ರಸ್ತೆಯಲ್ಲಿ ಯಾರೂ ಸಾಯಬಾರದೆಂಬ ಗುರಿಯನ್ನು ಅಂಗೀಕರಿಸಿದಾಗ ಒಪ್ಪಿಕೊಂಡದ್ದು ಇದನ್ನೇ: ಮನುಷ್ಯ ತಪ್ಪುತ್ತಾನೆ, ತಪ್ಪಿದವನಿಗೆ ಮರಣವೇ ಶಿಕ್ಷೆಯಾಗದಂತೆ ರಸ್ತೆಯನ್ನು ಕಟ್ಟುವುದು ಕಟ್ಟುವವನ ಧರ್ಮ. ದಾರಿ ದಾಟುವಾಗ ಒಂದು ಕ್ಷಣ ಮೈಮರೆತ ಎಂಟು ವರ್ಷದ ಹುಡುಗಿಯ ಮೇಲೆ ಯಾವ ನೀತಿಶಾಸ್ತ್ರ ತಾನೆ ದೋಷವನ್ನು ಹೊರಿಸೀತು?

ಶುದ್ಧಶಾಸ್ತ್ರದವರು ಮತ್ತೊಂದು ಮಾತನ್ನು ಹೇಳುವುದುಂಟು: ಅನ್ವಯಿಕ ಸಂಶೋಧನೆ ಅವಸರದ್ದು, ಫಲದ ಆಸೆಯಿಂದ ಸತ್ಯದ ವಿಷಯದಲ್ಲಿ ಅಸಡ್ಡೆ ತೋರುವಂಥದು ಎಂದು. ನನಗೆ ತೋರುವಂತೆ ನಡೆದಿರುವುದು ಇದಕ್ಕೆ ವಿರುದ್ಧ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಮೇಲೆ ಜೆರಿ ಮಾರಿಸ್ ಎಂಬ ವೈದ್ಯರು ನಡೆಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಒಂದೇ ಬಸ್ಸು, ಒಂದೇ ಪಾಳಿ, ಒಂದೇ ಹೊಗೆ; ಚಾಲಕ ದಿನವೆಲ್ಲ ಕುಳಿತಿರುತ್ತಾನೆ, ನಿರ್ವಾಹಕ ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಸುಮಾರು 31,000 ಸಾರಿಗೆ ನೌಕರರನ್ನು ಕುರಿತು 1953ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೃದಯಾಘಾತ ನಿರ್ವಾಹಕರಿಗಿಂತ ಚಾಲಕರಲ್ಲಿ ಹೆಚ್ಚು. ದೈಹಿಕ ಚಟುವಟಿಕೆಗೂ ಹೃದಯಕ್ಕೂ ಇರುವ ನಂಟಿನ ವಿಷಯದಲ್ಲಿ ಇಂದು ವೈದ್ಯರು ಹೇಳುವ ಮಾತಿನ ಬೇರು ಅಲ್ಲಿದೆ. ಆದರೆ ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಮೊದಲೇ ಸ್ಥೂಲಕಾಯರಾದವರು ಚಾಲಕರಾಗಲು ಬಯಸಿರಬಹುದಲ್ಲವೆ ಎಂಬ ಸಂಶಯ ಹುಟ್ಟಿ, ಅವರೂ ಅವರ ಸಹೋದ್ಯೋಗಿಗಳೂ ಸಾರಿಗೆ ಸಂಸ್ಥೆ ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರಗಳ ಸೊಂಟದ ಅಳತೆಯ ದಾಖಲೆಗಳನ್ನು ತೆಗೆಸಿ ನೋಡಿದರು. ಚಾಲಕರ ಸೊಂಟ ಕೆಲಸಕ್ಕೆ ಸೇರಿದಾಗಲೇ ದೊಡ್ಡದಾಗಿತ್ತು. ತಮ್ಮ ಸಿದ್ಧಾಂತವನ್ನು ತೊಡಕಿಗೆ ಸಿಲುಕಿಸಿದ ಈ ಅಳತೆಗಳನ್ನು ಅವರೇ 1956ರಲ್ಲಿ ಪ್ರಕಟಿಸಿ, ಮುಂದೆ ದಶಕಗಳ ಕಾಲ ಬೇರೆ ಬೇರೆ ವೃತ್ತಿಗಳವರಲ್ಲಿ ಅದನ್ನು ಪರೀಕ್ಷಿಸುತ್ತ ಹೋದರು. ದೋಷವನ್ನು ಹುಡುಕುವವನ ಕೆಲಸ ದೋಷಿ ಸಿಕ್ಕೊಡನೆ ಮುಗಿಯುತ್ತದೆ; ಕಾರಣವನ್ನು ಹುಡುಕುವವನು ಸಿಕ್ಕಿದ ಕಾರಣವನ್ನೂ ಶಂಕಿಸಬೇಕು.

ಇಂಥ ವಿದ್ಯೆಯನ್ನು ಹೊರನಾಡಿನಿಂದ ಹಾಗೆಯೇ ತರಿಸಿಕೊಳ್ಳಲಾಗದು. ಗುರುತ್ವಾಕರ್ಷಣೆಯ ನಿಯಮ ಡೆಟ್ರಾಯ್ಟಿಗೂ ದಾವಣಗೆರೆಗೂ ಒಂದೇ. ಆದರೆ ಕಾರಿನೊಳಗಿನವನನ್ನು ಉಳಿಸಲು ಹುಟ್ಟಿದ ಪಟ್ಟಿಯಿಂದ, ಬೈಕಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಲಾರಿಯ ಮಗ್ಗುಲಲ್ಲಿ ಸಾಗುವವನಿಗೆ ಏನೂ ಪ್ರಯೋಜನವಾಗದು. ಶಿರಸ್ತ್ರಾಣ ಸವಾರನ ಮರಣಭಯವನ್ನು ನೂರಕ್ಕೆ ನಲವತ್ತೆರಡರಷ್ಟು ತಗ್ಗಿಸುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದವರು ಹೇಳಿದ್ದಾರೆ; ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಧರಿಸಿ ಕೂರಲಾಗುವಂತೆ ಮಾಡುವ ಕೆಲಸ ನಮ್ಮದೇ. ಆ ದಿಕ್ಕಿನಲ್ಲಿ ನಮ್ಮಲ್ಲಿ ಯಾರೂ ನಡೆದಿಲ್ಲವೆಂದಲ್ಲ. ದೆಹಲಿಯ ಐಐಟಿಯಲ್ಲಿ ದಿನೇಶ್ ಮೋಹನ್ ಮತ್ತು ಗೀತಂ ತಿವಾರಿ ಪಾದಚಾರಿಯನ್ನೂ ಸೈಕಲ್ಲಿನವನನ್ನೂ ಸಂಶೋಧನೆಯ ನಡುವೆ ತಂದು ನಿಲ್ಲಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗುರುರಾಜ್ ಮತ್ತು ಅವರ ಸಂಗಡಿಗರು ಆಸ್ಪತ್ರೆಯ ಲೆಕ್ಕವನ್ನೂ ಪೊಲೀಸರ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು, ಠಾಣೆಯ ಪುಸ್ತಕವನ್ನು ಎಂದೂ ಸೇರದ ಗಾಯಾಳುಗಳು ಎಷ್ಟೊಂದು ಮಂದಿ ಎಂಬುದನ್ನು ತೋರಿಸಿದರು. ಇವು ಇನ್ನೂ ಒಬ್ಬೊಬ್ಬರ ಶ್ರದ್ಧೆಯಿಂದ ನಿಂತ ಕೆಲಸಗಳು.

ತಾಲ್ಲೂಕು ಆಸ್ಪತ್ರೆಯಲ್ಲಿ ಬರೆದ ಮರಣೋತ್ತರ ಪರೀಕ್ಷೆಯ ವರದಿ, ತಲೆಬುರುಡೆ ಎಲ್ಲಿ ಒಡೆದಿದೆ, ಎದೆಗೂಡು ಹೇಗೆ ಕುಸಿದಿದೆ ಎಂಬುದನ್ನು ಹೇಳುತ್ತದೆ. ಅದು ಠಾಣೆಗೆ ಹೋಗುತ್ತದೆ, ಠಾಣೆಯಿಂದ ನ್ಯಾಯಾಲಯಕ್ಕೆ, ತೀರ್ಪಾದ ಮೇಲೆ ದಾಖಲೆಗಳ ಕೊಠಡಿಗೆ. ಆ ತಿರುವನ್ನು ರೂಪಿಸಿದ ಲೋಕೋಪಯೋಗಿ ಇಲಾಖೆಯ ಕಚೇರಿಯ ಮೆಟ್ಟಿಲನ್ನು ಅದು ಹತ್ತುವುದು ಅಪರೂಪ. ಮದ್ರಾಸಿನ ಐಐಟಿ ರೂಪಿಸಿದ, ಕರ್ನಾಟಕವೂ ಮೊದಲ ಆರು ರಾಜ್ಯಗಳಲ್ಲಿ ಒಂದಾಗಿ ಪ್ರಯೋಗಿಸಿದ ಅಪಘಾತ ದತ್ತಸಂಗ್ರಹದಲ್ಲಿ ಪೊಲೀಸ್, ಸಾರಿಗೆ, ಹೆದ್ದಾರಿ, ಆರೋಗ್ಯ ಈ ನಾಲ್ಕು ಇಲಾಖೆಗಳಿಗೂ ಸ್ಥಳವಿದೆ. ಆ ನಾಲ್ಕರ ಬರಹವನ್ನು ಒಟ್ಟಿಗೆ ಓದುವುದನ್ನು ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕನಿಗೂ ಜಿಲ್ಲಾ ಆಸ್ಪತ್ರೆಯ ಶಸ್ತ್ರವೈದ್ಯನಿಗೂ ಕರ್ತವ್ಯವಾಗಿ ಒಪ್ಪಿಸಿ, ಅದಕ್ಕೆ ತಗಲುವ ಕಾಲವನ್ನು ಅವರ ಕೆಲಸದ ಲೆಕ್ಕದಲ್ಲಿ ಹಿಡಿದು, ಅವರು ಬರೆದುಕೊಟ್ಟ ವರದಿಗೆ ರಸ್ತೆಯ ಅಧಿಕಾರಿ ಗೊತ್ತಾದ ಅವಧಿಯೊಳಗೆ ಲಿಖಿತ ಉತ್ತರ ಕೊಡಲೇಬೇಕೆಂದು ವಿಧಿಸುವುದಕ್ಕೆ ಹೊಸ ಸಂಸ್ಥೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಸರ್ಕಾರದ ಒಂದು ಆದೇಶ ಸಾಕು.